ಚಾಂದನಿ ಚೌಕದಲ್ಲಿ ಹೇಳದೆ ಬಿಟ್ಟ ಕಥೆ

ದೆಹಲಿಯ ಚಾಂದನಿ ಚೌಕದಲ್ಲಿ ವಾರಾಂತ್ಯಕ್ಕೆ ನಡೆಯುವ ಪಾರಂಪರಿಕ ನಡಿಗೆಗಳಿಗೆ ಒಂದು ಸಿದ್ಧ ನಿರೂಪಣೆಯಿದೆ. ಕೆಂಪುಕೋಟೆಯ ಕಡೆಯಿಂದ ಹೊರಟರೆ ಜೈನರ ಲಾಲ್ ಮಂದಿರ, ಗೌರಿಶಂಕರ ದೇಗುಲ, ಬ್ಯಾಪ್ಟಿಸ್ಟ್ ಚರ್ಚು, ಸೀಸ್‌ಗಂಜ್ ಗುರುದ್ವಾರ, ಸುನೇಹ್ರಿ ಮಸೀದಿ, ತುದಿಯಲ್ಲಿ ಫತೇಪುರಿ ಮಸೀದಿ. ಒಂದೇ ಬೀದಿಯಲ್ಲಿ ಎಲ್ಲ ಧರ್ಮಗಳೂ ಕೂಡಿ ಬಾಳುತ್ತಿವೆ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಈ ನಿರೂಪಣೆ ಸುಳ್ಳಲ್ಲ, ಆದರೆ ಬಹಳ ತೆಳು. ಈ ಸಾಲಿನ ಎರಡು ಕಟ್ಟಡಗಳ ಹಿಂದೆ ಇರುವುದು ಆಳುವವರ ಮತವನ್ನು ಒಪ್ಪದೆ ನಿಂತವರ ಚರಿತ್ರೆ. ಸಾಮರಸ್ಯದ ಹೆಸರಿನಲ್ಲಿ ಅದನ್ನು ಬಿಟ್ಟುಬಿಡುವುದು ಸರಿಯಲ್ಲ.

ಮೊದಲು ಆ ಚರ್ಚನ್ನು ನೋಡೋಣ. ಹೆಚ್ಚಿನ ನಡಿಗೆಗಳು ಅದರ ಮುಂದೆ ನಿಲ್ಲುವುದೇ ಇಲ್ಲ. ಬ್ಯಾಪ್ಟಿಸ್ಟರು ಇಂಗ್ಲೆಂಡಿನ ರಾಜಮಾನ್ಯ ಚರ್ಚನ್ನು ಧಿಕ್ಕರಿಸಿದ ಭಿನ್ನಮತೀಯರು. ಅದೇ ಭಿನ್ನಮತದ ಇನ್ನೊಂದು ಕವಲು ಮೊದಲು ಹಾಲೆಂಡಿಗೆ ಓಡಿಹೋಗಿ, 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಅಮೆರಿಕದ ಪ್ಲಿಮತ್‌ಗೆ ಹೋಯಿತು. ಹತ್ತು ವರ್ಷಗಳ ನಂತರ, ಅದೇ ರಾಜಮಾನ್ಯ ಚರ್ಚಿನ ಸುಧಾರಣೆ ಬಯಸಿದ ಪ್ಯೂರಿಟನ್ನರು ಮ್ಯಾಸಚೂಸೆಟ್ಸ್‌ನಲ್ಲಿ ದೊಡ್ಡ ವಸಾಹತು ಕಟ್ಟಿದರು. ತಮ್ಮ ಆರಾಧನೆಯ ಸ್ವಾತಂತ್ರ್ಯಕ್ಕೆಂದು ಸಮುದ್ರ ದಾಟಿದ ಇವರು, ಕಾಲೂರಿದ ಮೇಲೆ ಪರರ ಆರಾಧನೆಯನ್ನು ಸಹಿಸಲಿಲ್ಲ. ಸರ್ಕಾರಕ್ಕೆ ಮನುಷ್ಯನ ಅಂತಃಸಾಕ್ಷಿಯ ಮೇಲೆ ಅಧಿಕಾರವಿಲ್ಲವೆಂದ ರೋಜರ್ ವಿಲಿಯಮ್ಸ್ ಅವರಿಗೆ 1635ರಲ್ಲಿ ಗಡೀಪಾರಿನ ಶಿಕ್ಷೆಯಾಯಿತು. ಕ್ವೇಕರ್ ಎಂಬ ಇನ್ನೊಂದು ಭಿನ್ನಮತದ ಪಂಥಕ್ಕೆ ಸೇರಿದ ಮೇರಿ ಡೈಯರ್ ಎಂಬ ಮಹಿಳೆಯನ್ನು 1660ರಲ್ಲಿ ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಿದರು.

ವಿಲಿಯಮ್ಸ್ ನ್ಯಾರಗ್ಯಾನ್ಸೆಟ್ ಮೂಲನಿವಾಸಿಗಳಿಂದ ನೆಲ ಪಡೆದು 1636ರಲ್ಲಿ ಪ್ರಾವಿಡೆನ್ಸ್ ಊರು ಕಟ್ಟಿದರು. ಅಮೆರಿಕದ ಮೊದಲ ಬ್ಯಾಪ್ಟಿಸ್ಟ್ ಸಭೆ ಕೂಡಿದ್ದು ಅಲ್ಲೇ. ಕ್ವೇಕರರ ಬೋಧನೆ ಅವರಿಗೆ ಕಿಂಚಿತ್ತೂ ಹಿಡಿಸುತ್ತಿರಲಿಲ್ಲ. 1672ರಲ್ಲಿ, ಮುಪ್ಪಿನಲ್ಲಿ, ಕ್ವೇಕರರೊಡನೆ ದಿನಗಟ್ಟಲೆ ಬಹಿರಂಗ ವಾದ ಮಾಡಿದರು. ಆದರೆ ಅವರು ಕಟ್ಟಿದ ನಾಡಿನಿಂದ ಕ್ವೇಕರರನ್ನು ಯಾರೂ ಓಡಿಸಲಿಲ್ಲ. ಭಿನ್ನಮತೀಯನನ್ನು ಅಳೆಯಬೇಕಾದದ್ದು ಇಲ್ಲಿ: ಕಾಲ ಕೆಳಗೆ ಗಟ್ಟಿ ನೆಲ ಸಿಕ್ಕಮೇಲೆ ತಾನೊಪ್ಪದವನಿಗೆ ಅವನು ಎಷ್ಟು ಜಾಗ ಕೊಟ್ಟ?

ಭಾರತಕ್ಕೆ ಬಂದ ಬ್ಯಾಪ್ಟಿಸ್ಟರ ಕೈಯಲ್ಲಿ ಅಧಿಕಾರವಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಗೆ ಇವರೆಂದರೆ ಶಂಕೆ. ಅದಕ್ಕೇ ವಿಲಿಯಂ ಕೇರಿ ಮತ್ತು ಸಂಗಡಿಗರು 1800ರಲ್ಲಿ ಬಂಗಾಳದ, ಡೇನರ ಆಳ್ವಿಕೆಯಲ್ಲಿದ್ದ ಶ್ರೀರಾಮಪುರದಲ್ಲಿ ಆಶ್ರಯ ಪಡೆದರು. ಮೀರತ್ ಬಳಿಯ ಸರಧಾನಾದಲ್ಲಿ ಅಲ್ಲಿನ ಒಡತಿ ಬೇಗಂ ಸಮ್ರೂ ಆಶ್ರಯದಲ್ಲಿದ್ದ ಜಾನ್ ಚೇಂಬರ್ಲೇನ್ ಹರಿದ್ವಾರದ ಮೇಳದಲ್ಲಿ ಬೋಧಿಸಿದ್ದಕ್ಕೆ ಕಂಪನಿ ಅವರನ್ನು ಸರಧಾನಾದಿಂದ ಹೊರಹಾಕಿಸಿತು. 1818ರಲ್ಲಿ ದೆಹಲಿಗೆ ಬಂದ ಜಾನ್ ಥಾಮ್ಸನ್ 1850ರಲ್ಲಿ ಸಾಯುವತನಕ ಇಲ್ಲೇ ಇದ್ದು ಉರ್ದು, ಹಿಂದಿ ನಿಘಂಟುಗಳನ್ನು ರಚಿಸಿದರು. ನಮ್ಮ ಬಳ್ಳಾರಿಯಲ್ಲಿ 1810ರಿಂದ ನೆಲೆಸಿ ಬೈಬಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್, ಕನ್ನಡ ನಿಘಂಟು ಮಾಡಿದ ವಿಲಿಯಂ ರೀವ್ ಕೂಡ ಇಂಗ್ಲೆಂಡಿನ ಭಿನ್ನಮತದ ಬಳ್ಳಿಯವರೇ. ಭಾಷೆಗಳಿಗೆ ಇವರು ಮಾಡಿದ ಕೆಲಸ ದೊಡ್ಡದು.

ಆದರೂ ನನ್ನ ಮೆಚ್ಚುಗೆಗೆ ಒಂದು ಮಿತಿಯಿದೆ. ಕಂಪನಿಯ 1813ರ ಸನ್ನದು ಮಿಷನರಿಗಳಿಗೆ ಬಾಗಿಲು ತೆರೆಯಿತು. ಕ್ರಮೇಣ ಕಂಪನಿಯ ನೆರಳೇ ಅವರಿಗೆ ಆಸರೆಯಾಯಿತು. 1857ರ ದಂಗೆಯಲ್ಲಿ ಥಾಮ್ಸನ್ನರ ವಿಧವೆ, ಹೆಣ್ಣುಮಕ್ಕಳು, ಪಾದ್ರಿ ಜಾನ್ ಮೆಕೆ, ಸ್ಥಳೀಯ ಬೋಧಕ ವಿಲಾಯತ್ ಅಲಿ ಕೊಲೆಯಾದರು. ಆ ಕೊಲೆಗಳಿಗೆ ಸಮರ್ಥನೆಯಿಲ್ಲ. ಆದರೆ ಪಾದ್ರಿಯೂ ಕಂಪನಿಯೂ ಒಂದೇ ಎಂದು ಊರು ತಿಳಿಯುವಂತಾದದ್ದಕ್ಕೆ ಆ ನೆರಳು ಕಾರಣ. ಪ್ರಭುತ್ವದಿಂದ ದೂರ ನಿಲ್ಲಬೇಕೆಂಬ ವಿಲಿಯಮ್ಸ್ ಅವರ ಪಾಠ ಅವರ ವಾರಸುದಾರರಿಗೇ ಮರೆತಿತ್ತು.

ಚರ್ಚಿನಿಂದ ಕೊಂಚ ನಡೆದರೆ ಸೀಸ್‌ಗಂಜ್. 1675ರ ನವೆಂಬರಿನಲ್ಲಿ, ಔರಂಗಜೇಬನ ಆಳ್ವಿಕೆಯಲ್ಲಿ, ಸಿಖ್ಖರ ಗುರು ತೇಗ್ ಬಹಾದ್ದೂರರ ಶಿರಚ್ಛೇದವಾದ ಜಾಗ. 1783ರಲ್ಲಿ ಸಿಖ್ ಸೇನಾನಿ ಬಘೇಲ್ ಸಿಂಗ್ ದೆಹಲಿಗೆ ನುಗ್ಗಿ ಇಲ್ಲಿ ಗುರುದ್ವಾರ ಕಟ್ಟಿಸಿದರು. ಕಾಶ್ಮೀರಿ ಪಂಡಿತರ ತಿಲಕ, ಜನಿವಾರ ಉಳಿಸಲು ಗುರುಗಳು ತಲೆ ಕೊಟ್ಟರೆಂದು ಸಿಖ್ ಪರಂಪರೆ ನೆನೆಯುತ್ತದೆ. ಜನಿವಾರವನ್ನು ಗುರು ನಾನಕರು ಬಾಲ್ಯದಲ್ಲೇ ನಿರಾಕರಿಸಿದ್ದರೆಂದು ಹೇಳುವುದೂ ಅದೇ ಪರಂಪರೆ. ತಾವು ತೊಡದ ದಾರ ಬೇರೆಯವರ ಹೆಗಲ ಮೇಲೆ ಉಳಿಯಲೆಂದು ಪ್ರಾಣ ಬಿಟ್ಟವರು ಅವರು. ಧಾರ್ಮಿಕ ಸ್ವಾತಂತ್ರ್ಯದ ಜಗತ್ತಿನ ಚರಿತ್ರೆಯಲ್ಲಿ ಇದಕ್ಕಿಂತ ಎತ್ತರದ ಮಾತು ನನಗೆ ಕಂಡಿಲ್ಲ. ಬರೀ ‘ಎಲ್ಲ ಧರ್ಮಗಳೂ ಒಂದೇ ಬೀದಿಯಲ್ಲಿ’ ಎಂದರೆ ಈ ಎತ್ತರ ಕೇಳುವವರಿಗೆ ತಿಳಿಯುವುದೇ ಇಲ್ಲ.

ಈ ನಡಿಗೆಗಳು ಬಿಟ್ಟುಬಿಡುವ ಇನ್ನೊಬ್ಬ ಸರ್ಮದ್. ಪರ್ಷಿಯಾದಿಂದ ವ್ಯಾಪಾರಿಯಾಗಿ ಬಂದು ಫಕೀರನಾದ, ಔರಂಗಜೇಬನ ಅಣ್ಣ ದಾರಾ ಶುಕೋನ ಒಡನಾಡಿಯಾದ ಕವಿ. ಬಾಸ್ಟನ್ ಮೇರಿ ಡೈಯರ್‌ರನ್ನು ಕೊಂದ ಕಾಲದ ಆಸುಪಾಸಿನಲ್ಲೇ ಔರಂಗಜೇಬನ ದೆಹಲಿ ಸರ್ಮದ್‌ನ ತಲೆ ಕಡಿಯಿತು. ಅವನ ಗೋರಿ ಜಾಮಾ ಮಸೀದಿಯ ಪಕ್ಕದಲ್ಲಿದೆ. ಸರ್ಮದ್ ಬಗ್ಗೆ ಮನಮುಟ್ಟುವ ಪ್ರಬಂಧ ಬರೆದ ಮೌಲಾನಾ ಆಜಾದರ ಸಮಾಧಿ ಅಲ್ಲೇ ಸಮೀಪದಲ್ಲಿದೆ.

ನಡಿಗೆ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಪರಾಠೆವಾಲಿ ಗಲಿಗೆ ಕೊಡುವ ಸಮಯದಲ್ಲಿ ಸ್ವಲ್ಪ ಉಳಿಸಿ ಚರ್ಚಿನ ಮುಂದೆ ನಿಲ್ಲಿ, ಸರ್ಮದ್‌ನ ಗೋರಿಯವರೆಗೂ ಕರೆದೊಯ್ಯಿರಿ. ಕರ್ನಾಟಕದಿಂದ ದೆಹಲಿ ನೋಡಲು ಹೋಗುವವರು ಚರ್ಚು, ಸೀಸ್‌ಗಂಜ್, ಸರ್ಮದ್‌ನ ಗೋರಿ ಈ ಮೂರು ಜಾಗಗಳನ್ನು ತಾವೇ ಕೇಳಿ ನೋಡಬೇಕು.