ಅರವತ್ತು ಮೀಟರ್ ಕೆಳಗಿನ ಕಸುಬು

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ತೆರೆದ ಬಾವಿಗಳಲ್ಲಿ ನೀರಿದ್ದ ಕಾಲಕ್ಕೆ, ಕೊಡ ಬಿದ್ದರೆ ಪಾತಾಳಗರಡಿ ಬಿಡುತ್ತಿದ್ದರು. ಅದಕ್ಕೂ ಸಿಗದಿದ್ದರೆ ಉಸಿರುಕಟ್ಟಿ ಮುಳುಗುವ ಹುಡುಗರಿದ್ದರು. ಎರಡಾಳು ಆಳಕ್ಕೇ ಕಿವಿ ಬಿಗಿಯುತ್ತದೆ, ತಳದ ನೀರು ಮೈ ಕೊರೆಯುತ್ತದೆ. ಹಾಗೆ ಮುಳುಗಿ ಬಲ್ಲವರಿಗೆ ನೌಕಾಪಡೆಯ ಮುಳುಗುತಜ್ಞರ ಹಿರಿಮೆ ಬೇಗ ತಿಳಿದೀತು.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಮೀನುಗಾರಿಕೆ ಬೋಟ್ ‘ಸುವರ್ಣ ತ್ರಿಭುಜ’ ಏಳು ಜನರೊಂದಿಗೆ ಕಣ್ಮರೆಯಾಯಿತು. ತಿಂಗಳುಗಟ್ಟಲೆ ಹುಡುಕಿದ ಮೇಲೆ, 2019ರ ಮೇನಲ್ಲಿ, ಮಹಾರಾಷ್ಟ್ರದ ಮಾಲ್ವಣದಾಚೆಯ ಕಡಲಲ್ಲಿ ಸುಮಾರು 60 ಮೀಟರ್ ಆಳದಲ್ಲಿ ಅದರ ಅವಶೇಷ ಸಿಕ್ಕಿತು. ಪತ್ತೆಹಚ್ಚಿದ್ದು ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್, ಆಳಕ್ಕೆ ಇಳಿಯುವವರಿಗೆಂದೇ ಸಜ್ಜಾದ ಹಡಗು.

ಅಷ್ಟು ಕೆಳಗೆ ಒತ್ತಡ ದಡದಲ್ಲಿರುವುದರ ಏಳು ಪಟ್ಟು. ಬರೀ ಗಾಳಿ ಉಸಿರಾಡಿದರೆ ಅದರೊಳಗಿನ ಸಾರಜನಕ ಬುದ್ಧಿಗೆ ಮಂಪರು ಕವಿಸುತ್ತದೆ. ಅದಕ್ಕೇ ಹೀಲಿಯಂ ಬೆರೆಸುತ್ತಾರೆ. ಆ ಹೀಲಿಯಮ್ಮೋ, ಸುತ್ತುವರಿದರೆ ಮೈಯ ಬಿಸಿಯನ್ನು ಬೇಗ ಕದಿಯುತ್ತದೆ. ಇಳಿಯುವುದಕ್ಕಿಂತ ಏರುವುದು ಕಷ್ಟ. ಅವಸರಪಟ್ಟರೆ ರಕ್ತದಲ್ಲಿ ಗುಳ್ಳೆಯೇಳುತ್ತದೆ, ಕೀಲು ಹಿಡಿಯುತ್ತದೆ, ಜೀವವೇ ಹೋಗಬಹುದು. ಹಂತಹಂತಕ್ಕೆ ತಡೆದು, ಕಾದು, ಬರಬೇಕು. ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಈ ತಾಳ್ಮೆಯೇ ದೊಡ್ಡದು. ಏಳು ಮನೆಗಳು ಒಂದು ನಿಜಸುದ್ದಿಗಾಗಿ ನಾಲ್ಕೂವರೆ ತಿಂಗಳು ಕಾದಿದ್ದವು.