ಮುಂಬಯಿಯಲ್ಲಿ ಕತೆ ಬರೆಯುವ ಕಷ್ಟ

ಹೊರನಾಡಿನಲ್ಲಿದ್ದು ಕತೆ ಬರೆಯುವವನಿಗೆ ಊರಿನ ನೆನಪೇ ದೊಡ್ಡ ಬಂಡವಾಳ ಅಂತ ನೀವು ತಿಳಿದಿರಬಹುದು. ನಾನೂ ಹಾಗೇ ತಿಳಿದಿದ್ದೆ. ಬರೆಯಲು ಕೂತ ಮೇಲೆ ಗೊತ್ತಾಯಿತು, ಕತೆಯನ್ನು ಮೊದಲು ಕೆಡಿಸುವುದೂ ಅದೇ ಎಂದು.

ಡೊಂಬಿವಲಿಯಲ್ಲಿ ನನ್ನ ಜೊತೆ ಒಂದೇ ಖೋಲಿಯಲ್ಲಿದ್ದ ಗೆಳೆಯ ಕಾರ್ಕಳದ ಕಡೆಯವನು. ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದ. ಒಮ್ಮೆ ಊರಿಗೆ ಹೋಗಿ ಬಂದ ರಾತ್ರಿ ಗೋಡೆ ಕಡೆ ತಿರುಗಿ ಮಲಗಿ ಅತ್ತ. ನಾನು ಅದನ್ನೇ ಹಿಡಿದು ಕತೆ ಬರೆದೆ. ಮಳೆ, ಗಂಜಿ, ತುಳಸಿಕಟ್ಟೆ, ಅಮ್ಮನ ಸೆರಗು ಎಲ್ಲವೂ ಬಂದವು. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಊರು ನೆನಪಾಗಿ ಅತ್ತದ್ದಲ್ಲ ಮಾರಾಯ್ರೆ. ನಾನು ಚಾಪೆ ಹಾಸುತ್ತಿದ್ದ ಮೂಲೆಯಲ್ಲಿ ಅಣ್ಣ ಟಿವಿ ಇಟ್ಟಿದ್ದಾನೆ. ಎಲ್ಲಿ ಮಲಗುವುದು ಅಂತ ಕೇಳಲಿಕ್ಕೆ ನಾಚಿಕೆ ಆಯ್ತು" ಅಂದ.

ನನ್ನ ಕತೆ ಅಲ್ಲಿಗೆ ಬಿದ್ದುಹೋಯಿತು. ಅವನ ದುಃಖ ಏನೆಂದು ನಾನು ಕೇಳಿರಲೇ ಇಲ್ಲ. ನನ್ನದನ್ನೇ ಅವನ ಕಣ್ಣಲ್ಲಿ ಸುರಿಸಿದ್ದೆ.

ಆಮೇಲೆ ಯಶವಂತ ಚಿತ್ತಾಲರ 'ಶಿಕಾರಿ'ಯನ್ನು (1979) ಮತ್ತೆ ಓದಿದೆ. ಹನೇಹಳ್ಳಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬಾಳಿ, 2014ರಲ್ಲಿ ಅಲ್ಲೇ ತೀರಿಕೊಂಡ ಚಿತ್ತಾಲರು ತಮ್ಮ ಹಳ್ಳಿಯನ್ನು ಕತೆಗಳಲ್ಲಿ ಎಂದೂ ಬಿಟ್ಟವರಲ್ಲ. ಆದರೂ 'ಶಿಕಾರಿ'ಯ ನಾಗಪ್ಪನಿಗೆ ಊರು ಆಸರೆಯಾಗುವುದಿಲ್ಲ. ಅವನ ಬೇಟೆಗೆ ನಿಂತವರಲ್ಲಿ ಹಳೆಯ ಪರಿಚಯದ ಶ್ರೀನಿವಾಸನೂ ಇದ್ದಾನೆ. ಲೇಖಕರು ದುಡಿದದ್ದು ರಾಸಾಯನಿಕ ಉದ್ಯಮದಲ್ಲಿ, ನಾಗಪ್ಪನದೂ ಅದೇ ಲೋಕ. ಇಂಥಲ್ಲಿ ಬರವಣಿಗೆಯಿಂದ ಸೇಡು ತೀರಿಸಿಕೊಳ್ಳುವುದು ಸುಲಭ. ಚಿತ್ತಾಲರು ಹಾಗೆ ಮಾಡದೆ ನಾಗಪ್ಪನ ಸಂಶಯವನ್ನೂ ಸಂಶಯದಿಂದಲೇ ನೋಡುತ್ತಾರೆ. ಅವನ ಭಯದಲ್ಲಿ ಹೊರಗಿನದೆಷ್ಟು, ಒಳಗಿನದೆಷ್ಟು ಎಂಬುದು ಅವನಿಗೇ ತಿಳಿಯದು. ಅವನ ತರ್ಕ ಸುತ್ತಿ ಸುತ್ತಿ ಬಂದು ಕೆಲವು ಪುಟ ದಣಿಸುತ್ತದೆ ನಿಜ. ಆದರೆ ಕಣ್ಣೀರು ತರಿಸಿ ನಮ್ಮನ್ನು ಬೇಗ ಬಿಟ್ಟುಬಿಡುವ ಉಪಾಯವನ್ನು ಈ ಕಾದಂಬರಿ ಮಾಡುವುದಿಲ್ಲ.

ಇನ್ನೊಂದು ತೊಡಕು ಮಾತಿನದು. ನಾವಿಬ್ಬರೂ ಆಡುತ್ತಿದ್ದದ್ದು ತುಳು. ನನ್ನ ಕತೆಯಲ್ಲಿ ಅವನು ಪಠ್ಯಪುಸ್ತಕದ ಕನ್ನಡದಲ್ಲಿ ಅಳುತ್ತಿದ್ದ! ಜಯಂತ ಕಾಯ್ಕಿಣಿಯವರ 'ನೋ ಪ್ರೆಸೆಂಟ್ಸ್ ಪ್ಲೀಸ್' ಕತೆ ನೋಡಿ. ಅನಾಥರಾಗಿ ಬೆಳೆದ ಪೋಪಟ, ಅಸಾವರಿ ಕನ್ನಡದವರೇ ಅಲ್ಲ. ಓದುವಾಗ ನಮಗೆ ಅದರ ನೆನಪೇ ಆಗುವುದಿಲ್ಲ. ಮದುವೆಯ ಆಮಂತ್ರಣದಲ್ಲಿ ಅಡ್ಡಹೆಸರು ಏನಂತ ಹಾಕಿಸುವುದು ಎಂಬ ಅವರ ಪೇಚಾಟದಲ್ಲೇ ಇಡೀ ಮುಂಬಯಿ ಇದೆ. ಇದೇ ಹೆಸರಿನ ಸಂಕಲನ ತೇಜಸ್ವಿನಿ ನಿರಂಜನ ಅವರ ಇಂಗ್ಲಿಷಿನಲ್ಲಿ 2018ರ ಡಿಎಸ್‌ಸಿ ಪ್ರಶಸ್ತಿ ಪಡೆಯಿತು. ಭಾಷೆ ದಾಟಿದರೂ ಕತೆ ಉಳಿದದ್ದು ಆ ಪೇಚಾಟ ಅಷ್ಟು ಖಚಿತವಾಗಿರುವುದರಿಂದ ಅಂತ ನನ್ನ ಎಣಿಕೆ. ನನಗೆ ಬೇಕಾಗಿದ್ದದ್ದೂ ತುಳಸಿಕಟ್ಟೆಯಲ್ಲ, ಚಾಪೆಯ ಮೂಲೆ.

ಹಾಗಂತ ಅದನ್ನು ಬರೆದುಬಿಡಬಹುದೇ? ಕೇಳಿದೆ. "ಬರೀರಿ. ಆದ್ರೆ ಅಣ್ಣ ಓದಿದರೆ ಬೇಜಾರು ಮಾಡ್ಕೊಳ್ತಾನೆ" ಅಂದ. ಊರಿನ ಓದುಗರು ಎಂದರೆ ನಮಗೆ ಅಂಥ ಅಣ್ಣಂದಿರೂ ಹೌದು. ಅವರನ್ನು ನೋಯಿಸಬಾರದು, ಸುಳ್ಳೂ ಬರೆಯಬಾರದು. ಕತೆ ಕಟ್ಟುವ ಕೆಲಸ ನನಗೆ ನಿಜವಾಗಿ ಶುರುವಾದದ್ದು ಇಲ್ಲಿಂದ. ಊರು ಬದಲಾಯಿತು, ಕಸುಬು ಬದಲಾಯಿತು, ಅಳು ಹೋಯಿತು. ಮಲಗಲು ಜಾಗ ಕೇಳಲಾರದ ನಾಚಿಕೆ ಮಾತ್ರ ಉಳಿಯಿತು.

ಅಂದ ಹಾಗೆ, ಇಲ್ಲಿ ಟಿವಿ ಅಂತ ಬರೆದೆನಲ್ಲ, ಆ ಮೂಲೆಯಲ್ಲಿ ಇದ್ದದ್ದು ಬೇರೇನೋ. ಅವನಿಗೆ ತೋರಿಸಿಯೇ ಬದಲಾಯಿಸಿದ್ದೇನೆ.