ಹತ್ತು ಮುಖಗಳ ಹಿಂದಿನ ಅಭ್ಯಾಸ

ಶಿವರಾಮ ಕಾರಂತರ ಆತ್ಮಕಥೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ 1948ರಲ್ಲಿ ಹೊರಬಂದಿತು. ಅವರ ಬಹುಮುಖ ಪ್ರತಿಭೆಗೆ ಅದನ್ನು ಸಾಕ್ಷಿಯಾಗಿ ತೋರಿಸುವುದು ನಮ್ಮಲ್ಲಿ ವಾಡಿಕೆ. ಈ ‘ಪ್ರತಿಭೆ’ ಎಂಬ ಮಾತು ವಾಚಕರಾದ ನಮಗೆ ಬಹಳ ಅನುಕೂಲವಾದುದು. ಅದು ಹುಟ್ಟಿನೊಡನೆ ಬಂದದ್ದೆಂದು ಒಪ್ಪಿಬಿಟ್ಟರೆ, ಕೈಕಟ್ಟಿ ಕುಳಿತು ಮೆಚ್ಚುವುದಷ್ಟೇ ನಮ್ಮ ಪಾಲಿಗೆ ಉಳಿಯುವ ಕೆಲಸ. ಆದರೆ ಈ ಗ್ರಂಥದ ನಿಜವಾದ ಸತ್ತ್ವ ಬೇರೆ ಕಡೆ ಇದೆಯೆಂದು ನನಗೆ ತೋರುತ್ತದೆ.

ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟು ಹೊರಟ ಕಾರಂತರು ಖಾದಿ ಪ್ರಚಾರ, ಪತ್ರಿಕೆ, ನಾಟಕ, ನೃತ್ಯ, ಚಲನಚಿತ್ರ, ಮಕ್ಕಳ ಶಿಕ್ಷಣ ಎಲ್ಲಕ್ಕೂ ಕೈಹಾಕಿದರು. ಅರ್ಹತೆ ಸಂಪಾದಿಸಿದ ಮೇಲೆ ತೊಡಗುತ್ತೇನೆಂದು ಕಾಯಲಿಲ್ಲ, ತೊಡಗಿ ಕಲಿತರು. ಅವರು ಬರವಣಿಗೆ ಆರಂಭಿಸಿದ್ದು ಪದ್ಯದಿಂದ. ಇಂದು ಅವರನ್ನು ಕವಿಯೆಂದು ನೆನೆಯುವವರು ವಿರಳ. ಆದರೆ 1933ರ ‘ಚೋಮನ ದುಡಿ’ಯನ್ನು ಯಾರು ಮರೆತಾರು? ಸ್ವಂತಕ್ಕೊಂದು ತುಂಡು ಹೊಲ ಬೇಕೆಂಬ ಚೋಮನ ಆಸೆ ಗ್ರಂಥಾಲಯದಲ್ಲಿ ಹುಟ್ಟುವಂಥದಲ್ಲ. ಅದರ ಹಿಂದೆ ಊರೂರು ಅಲೆದ ವರ್ಷಗಳಿವೆ.

ಬರಿಯ ಕೆಲಸವೇ ಸಾಲದು ಎಂಬುದೂ ನಿಜ. “ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ” ಎಂಬ ಗಾದೆಯ ಮೊದಲರ್ಧವನ್ನು ಮಾತ್ರ ನಾವು ಉತ್ಸಾಹದಿಂದ ಹೇಳುತ್ತೇವೆ. ಅಭ್ಯಾಸ ಗುಣವನ್ನು ಬೆಳೆಸುವಂತೆ ದೋಷವನ್ನೂ ಬೆಳೆಸೀತು. ಮಾಡಿದ್ದನ್ನು ನಿಷ್ಠುರವಾಗಿ ನೋಡಿ ತಿದ್ದುವ ಕಣ್ಣು ಜೊತೆಗಿರಬೇಕು. ಕಾರಂತರಿಗೆ ಅದಿತ್ತೆಂಬುದಕ್ಕೆ ಯಕ್ಷಗಾನವೇ ಸಾಕ್ಷಿ. ಸ್ವತಃ ಹೆಜ್ಜೆ ಕಲಿತು ಕುಣಿದರು; ಶೋಧಿಸಿ ಬರೆದ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅಷ್ಟಕ್ಕೇ ತೃಪ್ತರಾಗದೆ ತಮ್ಮ ಪ್ರಯೋಗಗಳಲ್ಲಿ ಮಾತುಗಾರಿಕೆಯನ್ನು ಬಿಟ್ಟು, ಪಿಟೀಲು, ಸ್ಯಾಕ್ಸೊಫೋನುಗಳನ್ನು ತಂದರು. ಸಂಪ್ರದಾಯಪ್ರಿಯರು ಮುನಿದರು. ಅವರ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ: ಅರ್ಥಗಾರಿಕೆಯಿಲ್ಲದ ಯಕ್ಷಗಾನಕ್ಕೆ ಒಂದು ಅಂಗವೇ ಊನ. ಆದರೂ ಅದು ಹೊರಗೆ ನಿಂತು ನೋಡಿದವನ ಚಪಲವಲ್ಲ, ಒಳಹೊಕ್ಕು ದುಡಿದವನ ಧೈರ್ಯ.

ಆತ್ಮಕಥೆಯ ಕೊರತೆಯೊಂದನ್ನು ಹೇಳಲೇಬೇಕು. ಬರವಣಿಗೆ ಒಂದು ಸಾಹಸದಿಂದ ಇನ್ನೊಂದಕ್ಕೆ ಧಾವಿಸುತ್ತದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವಾಗಿನ ಬೇಸರಕ್ಕೆ ಅಲ್ಲಿ ಸಾಕಷ್ಟು ಎಡೆಯಿಲ್ಲ. ಹತ್ತು ಕಡೆ ಕೈಹಾಕುವುದೇ ಆದರ್ಶವೆಂದು ತರುಣರು ಭ್ರಮಿಸುವ ಅಪಾಯವಿದೆ. ಅದಕ್ಕಿಂತ ದೊಡ್ಡ ಅಪಾಯವನ್ನು ನಾನು ತರಗತಿಯಲ್ಲಿ ದಿನವೂ ಕಾಣುತ್ತೇನೆ. ಅಲಂಕಾರಗಳ ಲಕ್ಷಣವನ್ನೆಲ್ಲ ಬಾಯಿಪಾಠ ಹೇಳುವ ವಿದ್ಯಾರ್ಥಿ, ತಪ್ಪಾದೀತೆಂಬ ಅಂಜಿಕೆಯಿಂದ ಸ್ವಂತದ ಒಂದು ಪುಟವನ್ನೂ ಬರೆದಿರುವುದಿಲ್ಲ. ಅಂಥವನ ಕೈಗೆ ನಾನು ಈ ಗ್ರಂಥವನ್ನೇ ಕೊಡುತ್ತೇನೆ.

‘ಮೂಕಜ್ಜಿಯ ಕನಸುಗಳು’ 1968ರಲ್ಲಿ ಪ್ರಕಟವಾದಾಗ ಕಾರಂತರಿಗೆ ಅರವತ್ತೈದು ದಾಟಿತ್ತು. ಜ್ಞಾನಪೀಠ ಪ್ರಶಸ್ತಿ ತಂದ ಆ ಕೃತಿಯನ್ನು ಪ್ರತಿಭೆಯ ಫಲವೆನ್ನುವವರು, ಅದಕ್ಕೆ ಮುಂಚೆ ನಾಲ್ಕು ದಶಕಗಳ ಕಾಲ ಬಿಡದೆ ದುಡಿದ ಆ ಕೈಯನ್ನೂ ಒಮ್ಮೆ ನೆನೆಯಲಿ.